ಮಳವಳ್ಳಿಯಿಂದ ಚಿನ್ನದ ಗಣಿಗೆ ಎಳೆದ ತಂತಿ

1902ರ ಜೂನ್ 30ರಂದು ಕಾವೇರಿಯ ಶಿವನಸಮುದ್ರ ಜಲಪಾತದ ಕರೆಂಟು ಕೋಲಾರದ ಚಿನ್ನದ ಗಣಿ ಮುಟ್ಟಿತು. ನಡುವೆ 92 ಮೈಲಿ, ಅಂದರೆ ಸುಮಾರು 148 ಕಿಲೋಮೀಟರ್ ಬರಿ ತಾಮ್ರದ ತಂತಿ. ಶಿವನಸಮುದ್ರವನ್ನು ಏಷ್ಯಾದ ಮೊದಲ ಜಲವಿದ್ಯುತ್ ಕೇಂದ್ರ ಎಂದು ಈಗಲೂ ಭಾಷಣಗಳಲ್ಲಿ ಹೇಳುವುದುಂಟು. ಅದು ಸರಿಯಲ್ಲ. ಜಪಾನಿನ ಕ್ಯೋಟೋ ಹತ್ತಿರದ ಕೆಯಾಗೆ ಕೇಂದ್ರ 1891ರಲ್ಲೇ ಶುರುವಾಗಿತ್ತು. ಡಾರ್ಜಿಲಿಂಗ್‌ನ ಸಿದ್ರಾಪೊಂಗ್‌ನಲ್ಲಿ 1897ರಲ್ಲೇ ದೀಪ ಉರಿದಿತ್ತು. ಜಗತ್ತಿನ ಅತಿ ಉದ್ದದ ಲೈನ್ ಎಂಬ ಮಾತೂ ನಿಲ್ಲುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಕೋಲ್‌ಗೇಟ್‌ನಿಂದ ಓಕ್‌ಲೆಂಡ್‌ಗೆ 1901ರಲ್ಲೇ 140 ಮೈಲಿ ತಂತಿ ಎಳೆದಿದ್ದರು. ಇಂಥ ಬಿರುದುಗಳಿಲ್ಲದೆಯೂ ಶಿವನಸಮುದ್ರದ ಕೆಲಸ ದೊಡ್ಡದೇ. ದಿವಾನರ ಹೆಸರು, ಉದ್ಘಾಟನೆಯ ತಾರೀಕು ಎಲ್ಲರ ಬಾಯಲ್ಲಿವೆ. ತಂತಿ, ಪಿಂಗಾಣಿ, ಜಾಯಿಂಟುಗಳ ಕಥೆ ಹೇಳುವವರು ಕಡಿಮೆ.

ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಯೋಜನೆ ರೂಪಿಸಿದವರು ಮೈಸೂರು ಸಂಸ್ಥಾನದ ಸೇವೆಯಲ್ಲಿದ್ದ ಎಂಜಿನಿಯರ್ ಜೋಲಿ ಡಿ ಲೋಟ್ಬಿನಿಯೆರ್. ಅವರು ಯುರೋಪು, ಅಮೆರಿಕ ಸುತ್ತಿ ಬಂದರು. ಟರ್ಬೈನುಗಳನ್ನು ಜ್ಯೂರಿಕ್‌ನ ಎಷರ್ ವಿಸ್ ಕಂಪನಿಯೂ ವಿದ್ಯುತ್ ಯಂತ್ರಗಳನ್ನು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯೂ ಒದಗಿಸಿದವು. ಮೊದಲ ಹಂತದಲ್ಲಿ ತಲಾ 720 ಕಿಲೋವ್ಯಾಟ್‌ನ ಆರು ಯಂತ್ರಗಳು. ಹತ್ತಿರದ ರೈಲು ನಿಲ್ದಾಣ ಮದ್ದೂರು. ಅಲ್ಲಿಂದ ಮುಂದೆ ಮಳವಳ್ಳಿ ದಾರಿಯಲ್ಲಿ ಎತ್ತಿನ ಗಾಡಿ, ಆನೆಗಳದ್ದೇ ಕೆಲಸ. ಜಲಪಾತದ ಸುತ್ತಿನ ಕಾಡು ಚಳಿಜ್ವರಕ್ಕೆ ಹೆಸರಾಗಿತ್ತು. ಯಂತ್ರ ಇಳಿಸಿ, ಕೊಳವೆ ಕೂರಿಸಿದ ಕೂಲಿಕಾರರ ಹೆಸರುಗಳು ಯಾವ ಕಲ್ಲಿನ ಮೇಲೂ ಇಲ್ಲದಿರುವುದು ನೋವಿನ ಸಂಗತಿ. ಶೇಷಾದ್ರಿ ಅಯ್ಯರ್ 1901ರ ಸೆಪ್ಟೆಂಬರ್ 13ರಂದೇ ತೀರಿಕೊಂಡರು. ಗಣಿಗೆ ಕರೆಂಟು ಹರಿದದ್ದನ್ನು ಅವರು ಕಾಣಲಿಲ್ಲ.

ಅಷ್ಟು ದೂರ ಕರೆಂಟು ಕಳಿಸಲು ವೋಲ್ಟೇಜು ಏರಿಸದೆ ಬೇರೆ ದಾರಿಯಿಲ್ಲ. ವೋಲ್ಟೇಜು ಹತ್ತು ಪಟ್ಟಾದರೆ ತಂತಿಯಲ್ಲಿ ಬಿಸಿಯಾಗಿ ಪೋಲಾಗುವ ಶಕ್ತಿ ನೂರರಲ್ಲೊಂದು ಪಾಲಿಗೆ ಇಳಿಯುತ್ತದೆ. ಶಿವನಸಮುದ್ರದಲ್ಲಿ ಆರಿಸಿಕೊಂಡದ್ದು 35,000 ವೋಲ್ಟ್. ಅಲ್ಲಿಂದಲೇ ನಿಜವಾದ ತಲೆನೋವು ಶುರು. ಒಣ ಗಾಳಿಯಲ್ಲಿ ಒಂದು ಸೆಂಟಿಮೀಟರ್ ಸಂದು ಹಾರಲು ವಿದ್ಯುತ್ತಿಗೆ ಸುಮಾರು 30,000 ವೋಲ್ಟ್ ಬೇಕು. ಪುಸ್ತಕದ ಲೆಕ್ಕದಲ್ಲಿ ಎರಡು ತಂತಿಗಳ ನಡುವೆ ಎರಡು ಸೆಂಟಿಮೀಟರ್ ಸಾಕು. ಆದರೆ ಬಯಲಿನಲ್ಲಿ ಗಾಳಿ ಬೀಸುತ್ತದೆ, ತಂತಿ ತೂಗುತ್ತದೆ, ಬಿಸಿಲಿಗೆ ಹಿಗ್ಗಿ ಜೋತುಬೀಳುತ್ತದೆ, ಹಕ್ಕಿ ರೆಕ್ಕೆ ಬಿಚ್ಚುತ್ತದೆ. ಹಾಗಾಗಿ ಅಂತರ ಅಡಿಗಳ ಲೆಕ್ಕಕ್ಕೆ ಹೋಗುತ್ತದೆ.

ತಂತಿ ಕಂಬಕ್ಕೆ ಕೂರುವ ಜಾಗ ಇನ್ನೂ ಸೂಕ್ಷ್ಮ. ಅಲ್ಲಿ ಗಾಳಿಯ ಸಂದಿಗಿಂತ ಪಿಂಗಾಣಿಯ ಮೈ ಮುಖ್ಯ. ಧೂಳು ಕೂತು, ಅದರ ಮೇಲೆ ಇಬ್ಬನಿ ಬಿದ್ದರೆ ಆ ತೇವದ ಪದರವೇ ಕರೆಂಟಿಗೆ ಹಾದಿಯಾಗುತ್ತದೆ. ಇದಕ್ಕೇ ಆ ಕಾಲದ ಪಿನ್ ಇನ್ಸುಲೇಟರನ್ನು ಒಂದರ ಕೆಳಗೊಂದು ಛತ್ರಿ ಬಿಚ್ಚಿಟ್ಟ ಹಾಗೆ ಮಾಡುತ್ತಿದ್ದರು. ಮೇಲಿನ ಅಂಚು ನೆನೆದರೂ ಒಳಮಗ್ಗುಲು ಒಣಗಿರುತ್ತದೆ; ತಂತಿಯಿಂದ ಕಬ್ಬಿಣದ ಪಿನ್ನಿಗೆ ತೆವಳಬೇಕಾದ ದಾರಿಯೂ ಉದ್ದವಾಗುತ್ತದೆ. ವೋಲ್ಟೇಜು ತೀರಾ ಏರಿದರೆ ಇಂಥ ಪಿಂಗಾಣಿ ಗಾತ್ರದಲ್ಲೂ ತೂಕದಲ್ಲೂ ಹಿಡಿತಕ್ಕೆ ಸಿಗುತ್ತಿರಲಿಲ್ಲ. ತಟ್ಟೆಗಳನ್ನು ಸರದಂತೆ ತೂಗುಬಿಡುವ ಇನ್ಸುಲೇಟರ್ ಅಮೆರಿಕದಲ್ಲಿ ಬಂದದ್ದು 1907ರ ಹೊತ್ತಿಗೆ.

ಇದೇ ಸಮಸ್ಯೆ ಇಂದು ತದ್ವಿರುದ್ಧ ಗಾತ್ರದಲ್ಲಿ ಎದುರಾಗುತ್ತಿದೆ. ಕೇಳಿಸದ ಮಕ್ಕಳ ಒಳಗಿವಿಗೆ ಹಾಕುವ ಕಾಕ್ಲಿಯರ್ ಇಂಪ್ಲಾಂಟ್‌ನ ಒಂದು ಪ್ರಸಿದ್ಧ ಮಾದರಿಯಲ್ಲಿ ಎಳೆಯಂಥ ತುದಿಯ ಮೇಲೆ 22 ವಿದ್ಯುದ್ವಾರಗಳು ಒತ್ತೊತ್ತಾಗಿ ಕೂತಿರುತ್ತವೆ. ಒಂದೊಂದರ ತಂತಿಯನ್ನೂ ಬೇರೆ ಬೇರೆಯಾಗಿ ಹೊರತರಬೇಕು. ವೋಲ್ಟೇಜು ತೀರಾ ಕಡಿಮೆ, ಆದರೆ ಸುತ್ತ ಇರುವುದು ಉಪ್ಪುನೀರಿನಂಥ ದ್ರವ. ಎರಡು ಸಂಪರ್ಕಗಳ ನಡುವೆ ಅದು ನುಸುಳಿದರೆ ಇಬ್ಬನಿ ಬಿದ್ದ ಪಿಂಗಾಣಿಯಲ್ಲಿ ಆಗುವುದೇ ಆಗುತ್ತದೆ: ಒಂದರ ಕರೆಂಟು ಇನ್ನೊಂದಕ್ಕೆ ಸೋರುತ್ತದೆ. ಅಳತೆ ಅಡಿಯಿಂದ ಮಿಲಿಮೀಟರಿಗಿಂತ ಕೆಳಗಿಳಿದರೂ ಎಂಜಿನಿಯರನ ಚಿಂತೆ ಅದೇ.

ಜಾಯಿಂಟಿನ ಕಥೆಯೂ ಹಾಗೆಯೇ. ಎರಡು ತುದಿ ಸೇರುವಲ್ಲಿ ಹಿಡಿತ ಸಡಿಲವಾದರೆ ಆ ಜಾಗ ಬಿಸಿಯಾಗುತ್ತದೆ, ಬಿಸಿಗೆ ತಾಮ್ರ ಕಪ್ಪಾಗುತ್ತದೆ, ಕಪ್ಪಾದಷ್ಟೂ ಬಿಸಿ ಹೆಚ್ಚುತ್ತದೆ. ನೂರೈವತ್ತು ಕಿಲೋಮೀಟರಿನ ಲೈನನ್ನು ಒಂದು ಕೆಟ್ಟ ಜಾಯಿಂಟು ಮಲಗಿಸಬಲ್ಲದು.

1905ರ ಆಗಸ್ಟ್ 5ರಂದು ಬೆಂಗಳೂರಿಗೆ, 1908ರಲ್ಲಿ ಮೈಸೂರಿಗೆ ದೀಪ ಬಂತು. ಹೆಚ್ಚು ಕರೆಂಟು ಬೇಕೆಂಬ ಗಣಿಗಳ ಒತ್ತಾಯ ನಿಲ್ಲಲಿಲ್ಲ. ಬೇಸಿಗೆಯಲ್ಲಿ ಕಾವೇರಿ ಬಡವಾದಾಗ ಕೊಟ್ಟ ಮಾತಿನಷ್ಟು ಕರೆಂಟು ಕಳಿಸುವುದೇ ಕಷ್ಟವಾಗುತ್ತಿತ್ತು. 1909ರಲ್ಲಿ ಮುಖ್ಯ ಎಂಜಿನಿಯರ್ ಆಗಿ ಬಂದ ಎಂ. ವಿಶ್ವೇಶ್ವರಯ್ಯ ಕನ್ನಂಬಾಡಿಯಲ್ಲಿ ನೀರು ತಡೆಯುವ ಯೋಜನೆ ಮುಂದಿಟ್ಟಾಗ ಗಣಿಗೆ ವರ್ಷವಿಡೀ ವಿದ್ಯುತ್ತು ಕೊಡುವುದು ಅದರ ಒಂದು ಪ್ರಬಲ ಕಾರಣವಾಗಿತ್ತು. 1911ರಲ್ಲಿ ಕಟ್ಟೆಯ ಕೆಲಸ ಶುರುವಾಯಿತು.

ಮಂಡ್ಯದವರು ಕನ್ನಂಬಾಡಿಯನ್ನು ನೆನೆಯುವುದು ನಾಲೆಯ ಮೂಲಕ. ಹಾಗಾಗುವುದು ಸಹಜ. ಇರ್ವಿನ್ ನಾಲೆ, ಅಂದರೆ ಇಂದಿನ ವಿಶ್ವೇಶ್ವರಯ್ಯ ನಾಲೆ, ಮಂಡ್ಯ, ಮದ್ದೂರು, ಮಳವಳ್ಳಿಯ ಬೆದ್ದಲು ಹೊಲಗಳನ್ನು ಗದ್ದೆಗಳಾಗಿ ಮಾಡಿತು. ಕಬ್ಬು ಬೆಳೆಯಿತು, 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಬಂತು, 1939ರಲ್ಲಿ ಮಂಡ್ಯ ಬೇರೆ ಜಿಲ್ಲೆಯಾಯಿತು. ಆದರೆ ಈ ಹಸಿರಿನ ಬೇರಿನಲ್ಲಿ ಚಿನ್ನದ ಗಣಿಗೆ ಎಳೆದ ತಂತಿಯೂ ಇದೆ. ಆ ತಂತಿಯ ಬೇಸಿಗೆಯ ಬರ ನೀಗಿಸಲು ಹೊರಟದ್ದರಿಂದಲೂ ಮಂಡ್ಯಕ್ಕೆ ನೀರು ಬಂತು ಎಂಬುದನ್ನು ಶಾಲೆಯ ಪಾಠದಲ್ಲಿ ಸೇರಿಸಬೇಕು.

ಹಾಗಿದ್ದೂ ಮಳವಳ್ಳಿ ಸೀಮೆಯ ಹಳ್ಳಿಗಳು ದಶಕಗಳ ಕಾಲ ಸೀಮೆಎಣ್ಣೆ ಬುಡ್ಡಿಯಲ್ಲೇ ಇದ್ದವು. ಕರೆಂಟು ಹುಟ್ಟುವ ಜಾಗ ಪಕ್ಕದಲ್ಲೇ, ಮನೆಯೊಳಗೆ ಕತ್ತಲು. ಇದಕ್ಕೆ ಆಡಳಿತದ ಆದ್ಯತೆ ಕಾರಣ, ತಂತ್ರಜ್ಞಾನವೂ ಕಾರಣ. 35,000 ವೋಲ್ಟಿನ ಲೈನಿಗೆ ಕೊಕ್ಕೆ ಹಾಕಿ ಗುಡಿಸಲಿಗೆ ದೀಪ ಎಳೆಯಲಾಗದು. ನಡುವೆ ವೋಲ್ಟೇಜು ಇಳಿಸುವ ಟ್ರಾನ್ಸ್‌ಫಾರ್ಮರ್ ಬೇಕು, ಸ್ವಿಚ್ಚು, ಫ್ಯೂಸು, ಬೇರೆ ಕಂಬಗಳು ಬೇಕು. ನಾಲ್ಕು ದೀಪಗಳಿಗಾಗಿ ಅಷ್ಟು ಖರ್ಚು ಮಾಡಲು ಯಾರೂ ಮುಂದಾಗಲಿಲ್ಲ. ಇಂದು ಪಂಪ್‌ಸೆಟ್ಟಿನ ರೈತರು ದಿನಬೆಳಗಾದರೆ ಮಾತಾಡುವ ‘ಟಿಸಿ’, ಅಂದರೆ ಇದೇ ಟ್ರಾನ್ಸ್‌ಫಾರ್ಮರ್, ಹಳ್ಳಿಗಳಿಗೆ ಬಂದದ್ದು ಎಷ್ಟೋ ವರ್ಷಗಳ ಮೇಲೆ.

1940ರಲ್ಲಿ ಮಳವಳ್ಳಿ ತಾಲ್ಲೂಕಿನಲ್ಲೇ ಶಿಂಷಾ ಕೇಂದ್ರ ಶುರುವಾಯಿತು. ಅದರ ಎರಡು ಯಂತ್ರಗಳ ಸಾಮರ್ಥ್ಯ 17.2 ಮೆಗಾವ್ಯಾಟ್. ಕೋಲಾರದ ಗಣಿ 2001ರ ಫೆಬ್ರವರಿ 28ಕ್ಕೆ ಮುಚ್ಚಿತು. ಸ್ಥಳೀಯರು ‘ಬ್ಲಫ್’ ಎಂದೇ ಕರೆಯುವ ಊರಿನ ಕೆಳಗಿರುವ ಶಿವನಸಮುದ್ರ ಕೇಂದ್ರ ಮುಂದೆ 42 ಮೆಗಾವ್ಯಾಟ್ ಸಾಮರ್ಥ್ಯಕ್ಕೆ ಬೆಳೆದು, ಗಣಿ ಮುಚ್ಚಿದ ಮೇಲೂ ರಾಜ್ಯಕ್ಕೆ ವಿದ್ಯುತ್ತು ಕೊಡುತ್ತ ಬಂದಿದೆ.