ದೂರದ ಸವಾರಿ: ಕುದುರೆಯ ಪರವಾಗಿ ಬಂದ ನಿಯಮಗಳ ಚರಿತ್ರೆ

ಕುದುರೆಯು ನಮ್ಮ ಪ್ರದೇಶಕ್ಕೆ ಹೊಸದಲ್ಲ. ಅರಬ್ಬೀ ನಾಡಿನ ಕುದುರೆಗಳು ಭಟ್ಕಳ, ಗೋವೆಗಳ ಬಂದರಿನಲ್ಲಿ ಇಳಿದು ವಿಜಯನಗರದ ಲಾಯಗಳನ್ನು ಸೇರುತ್ತಿದ್ದುದನ್ನು ಚರಿತ್ರೆಯನ್ನು ಓದಿದವರೆಲ್ಲ ಬಲ್ಲರು. ಭೀಮಾನದಿಯ ದಂಡೆಯ ಹೆಸರನ್ನೇ ಹೊತ್ತ ಭೀಮಥಡಿ ತಳಿಯ ಗಟ್ಟಿ ಕುದುರೆಗಳು ಮರಾಠರ ದಂಡಿನ ಬೆನ್ನೆಲುಬಾಗಿದ್ದವು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ತನ್ನ 'ಮಾನಸೋಲ್ಲಾಸ'ದಲ್ಲಿ ಕುದುರೆಯೇರಿ ಆಡುವ ವಿನೋದವನ್ನು ವರ್ಣಿಸಿದ್ದಾನೆ. ಸುಮಾರು 1400ರ ಹೊತ್ತಿಗೆ ಅಭಿನವಚಂದ್ರನೆಂಬ ಕವಿ ಅಶ್ವವೈದ್ಯವನ್ನು ಕನ್ನಡದಲ್ಲಿಯೇ ಬರೆದನು. ಕುದುರೆಯನ್ನು ಏರುವವನು ಅದರ ಆರೋಗ್ಯವನ್ನೂ ಅರಿತಿರಬೇಕೆಂಬ ಭಾವನೆ ನಮ್ಮ ಭಾಷೆಗೆ ಹಳೆಯದೆಂದು ಇದರಿಂದ ತಿಳಿಯುತ್ತದೆ.

ಆದರೆ ಅಂದು ಕುದುರೆಯ ಮೇಲೆ ದೂರ ಹೋಗುವುದು ಯುದ್ಧದ, ಅಂಚೆಯ, ವ್ಯಾಪಾರದ ಅಗತ್ಯವಾಗಿತ್ತು. ಅದು ನಿಯಮಬದ್ಧ ಸ್ಪರ್ಧೆಯಾಗಿ ಬೆಳೆದುದು ಕಳೆದ ನೂರಮೂವತ್ತು ವರ್ಷಗಳಲ್ಲಿ, ಯೂರೋಪು, ಅಮೆರಿಕ, ಆಸ್ಟ್ರೇಲಿಯಗಳಲ್ಲಿ. ಆ ಚರಿತ್ರೆಯನ್ನು ನಾವು ಇಲ್ಲಿ ಒಂದೇ ಪ್ರಶ್ನೆಯ ಬೆನ್ನುಹತ್ತಿ ನೋಡಲು ಬಯಸುತ್ತೇವೆ. ಗುರಿ ಮುಟ್ಟಿದ ಕುದುರೆ ಯಾವ ಸ್ಥಿತಿಯಲ್ಲಿದೆ ಎಂಬುದು ಗೆಲುವಿನ ಲೆಕ್ಕಕ್ಕೆ ಸೇರಬೇಕೆ, ಬೇಡವೆ?

ಮೊದಲಲ್ಲಿ ಅದು ಸೇರಿರಲಿಲ್ಲವೆಂದೇ ಹೇಳಬೇಕು. 1892ರ ಅಕ್ಟೋಬರಿನಲ್ಲಿ ಜರ್ಮನಿಯ ಸೇನಾಧಿಕಾರಿಗಳು ಬರ್ಲಿನ್ನಿನಿಂದ ವಿಯೆನ್ನಾಕ್ಕೂ, ಆಸ್ಟ್ರಿಯ-ಹಂಗೆರಿಯ ಅಧಿಕಾರಿಗಳು ವಿಯೆನ್ನಾದಿಂದ ಬರ್ಲಿನ್ನಿಗೂ ಪಂತ ಕಟ್ಟಿ ಹೊರಟರು. ದೂರ ಸುಮಾರು 580 ಕಿಲೋಮೀಟರು. ಆಸ್ಟ್ರಿಯದ ಕೌಂಟ್ ಸ್ಟಾರ್‌ಹೆಂಬರ್ಗ್ ಸುಮಾರು 71 ಗಂಟೆಗಳಲ್ಲಿ ಗುರಿ ಮುಟ್ಟಿ ಗೆದ್ದನು. ಅವನನ್ನು ಹೊತ್ತು ತಂದ ಅಥೋಸ್ ಎಂಬ ಕುದುರೆ ಬಹುಬೇಗ ಸತ್ತಿತು. ಎರಡನೆಯ ಸ್ಥಾನ ಪಡೆದ ಜರ್ಮನ್ ಅಧಿಕಾರಿಯ ಕುದುರೆಯೂ ಉಳಿಯಲಿಲ್ಲ. ಹತ್ತು ವರ್ಷಗಳ ಅನಂತರ, 1902ರ ಆಗಸ್ಟಿನಲ್ಲಿ, ಬೆಲ್ಜಿಯಂ ದೇಶದ ಬ್ರಸೆಲ್ಸಿನಿಂದ ಕಡಲತೀರದ ಆಸ್ಟೆಂಡಿಗೆ 132 ಕಿಲೋಮೀಟರುಗಳ ಸ್ಪರ್ಧೆ ನಡೆಯಿತು. ಹೊರಟ ಅರುವತ್ತರಷ್ಟು ಕುದುರೆಗಳಲ್ಲಿ ಅರ್ಧದಷ್ಟು ಮಾತ್ರ ಗುರಿ ಸೇರಿದವು. ಹದಿನಾರು ಕುದುರೆಗಳು ದಣಿವಿನಿಂದ ಸತ್ತವು. ಇಂಥ ಪಂತಗಳ ವಿರುದ್ಧ ಜನರು ದನಿಯೆತ್ತಿದುದು ಸಹಜವೇ ಆಗಿತ್ತು.

ಮೊದಲನೆಯ ಮಹಾಯುದ್ಧ ಮುಗಿದ ಮೇಲೆ ಈ ದೃಷ್ಟಿ ಬದಲಾಯಿತು. ದಂಡಿಗೆ ಬೇಕಾದುದು ಒಮ್ಮೆ ಓಡಿ ಸಾಯುವ ಕುದುರೆಯಲ್ಲ, ಮರುದಿನವೂ ಏಳುವ ಕುದುರೆ. ಆದ್ದರಿಂದ 1919ರಿಂದ ಅಮೆರಿಕದಲ್ಲಿ 300 ಮೈಲಿಗಳನ್ನು ಐದು ದಿನಗಳಲ್ಲಿ ಕ್ರಮಿಸುವ ಪರೀಕ್ಷೆಗಳು ಏರ್ಪಟ್ಟವು. ದಿನಕ್ಕೆ 60 ಮೈಲಿ, ಬೆನ್ನಿನ ಮೇಲೆ ಸವಾರನೂ ತಡಿಯೂ ಸೇರಿ 200 ಪೌಂಡು, ಮುಂದೆ 245 ಪೌಂಡುಗಳವರೆಗೂ ಭಾರ. ವೇಗದ ಜೊತೆಗೆ ಕುದುರೆಯ ಸ್ಥಿತಿಗೂ, ಅದು ತಿಂದ ಮೇವಿಗೂ ಅಂಕಗಳಿದ್ದವು. ಮೊದಲ ವರ್ಷ ಗೆದ್ದದ್ದು ರಾಮ್ಲಾ ಎಂಬ ಅರಬ್ಬೀ ಹೆಣ್ಣು ಕುದುರೆ. ಇಂಗ್ಲೆಂಡಿನಲ್ಲಿಯೂ ಅದೇ ಮಾದರಿಯ 300 ಮೈಲಿಗಳ ಪರೀಕ್ಷೆಗಳು ನಡೆದವು. ಅಲ್ಲಿ ಹೆಸರು ಮಾಡಿದ ಶಹಜಾದಾ ಎಂಬ ಅರಬ್ಬೀ ಗಂಡು ಕುದುರೆ ಮುಂದೆ ಆಸ್ಟ್ರೇಲಿಯಕ್ಕೆ ಹೋಯಿತು. ಅದರ ಹೆಸರಿನಲ್ಲಿಯೇ 1981ರಲ್ಲಿ ನ್ಯೂ ಸೌತ್ ವೇಲ್ಸಿನ ಸೇಂಟ್ ಆಲ್ಬನ್ಸ್ ಎಂಬಲ್ಲಿ ಐದು ದಿನಗಳ, 400 ಕಿಲೋಮೀಟರುಗಳ ಸ್ಪರ್ಧೆ ಆರಂಭವಾಯಿತು.

ಹಲವು ದಿನಗಳ ಸವಾರಿಯಲ್ಲಿ ಒಂದು ವಿಶೇಷ ಕಷ್ಟವಿದೆ. ಮೊದಲ ದಿನದ ಸಣ್ಣ ತಪ್ಪು ಮೂರನೆಯ ದಿನ ದೊಡ್ಡದಾಗಿ ಎದುರು ನಿಲ್ಲುತ್ತದೆ. ತಡಿಯ ಕೆಳಗಿನ ಒಂದು ಮಡಿಕೆ ಬೆನ್ನಿನ ಹುಣ್ಣಾಗುತ್ತದೆ. ಸಡಿಲವಾದ ಲಾಳ ಕುಂಟಿಗೆ ಕಾರಣವಾಗುತ್ತದೆ. ಬೆವರಿನಲ್ಲಿ ಹೋದ ಉಪ್ಪು ರಾತ್ರಿ ತುಂಬಿಬಾರದಿದ್ದರೆ ಮರುದಿನದ ಸ್ನಾಯುಗಳು ಬಿಗಿಯುತ್ತವೆ. ಆದುದರಿಂದ ಇಲ್ಲಿ ಗೆಲ್ಲುವ ಸವಾರನು ಹಗಲು ಓಡಿಸುವಷ್ಟೇ ಶ್ರದ್ಧೆಯಿಂದ ರಾತ್ರಿ ಮೇವು, ನೀರು, ಮಾಲೀಸುಗಳನ್ನು ನೋಡಿಕೊಳ್ಳುವವನು.

ಬಿಸಿಲಿನ ಸವಾರಿಗೆ ಹೆಸರಾದುದು ಅಮೆರಿಕದ ಕ್ಯಾಲಿಫೋರ್ನಿಯದ ಟೆವಿಸ್ ಕಪ್. 1955ರ ಆಗಸ್ಟಿನಲ್ಲಿ ವೆಂಡೆಲ್ ರಾಬಿ ಎಂಬವರು ಕೆಲವು ಗೆಳೆಯರೊಡನೆ ಟಾಹೋ ಸರೋವರದ ಬಳಿಯಿಂದ ಸಿಯೆರಾ ನೆವಾಡ ಬೆಟ್ಟಗಳನ್ನು ದಾಟಿ, 100 ಮೈಲಿ ದೂರದ ಆಬರ್ನ್ ಪಟ್ಟಣವನ್ನು ಒಂದೇ ದಿನದೊಳಗೆ ಮುಟ್ಟಿದರು. ಅಲ್ಲಿನ ಆಳವಾದ ಕಣಿವೆಗಳಲ್ಲಿ ಬೇಸಗೆಯ ಉಷ್ಣತೆ 38 ಡಿಗ್ರಿ ಸೆಲ್ಸಿಯಸ್ ಮೀರುವುದುಂಟು. ಹೊರಟವರಲ್ಲಿ ಸುಮಾರು ಅರ್ಧದಷ್ಟು ಮಂದಿ ಮಾತ್ರ ಕೊನೆಮುಟ್ಟುತ್ತಾರೆ. ಆದರೆ 24 ಗಂಟೆಗಳೊಳಗೆ, ಮುಂದಕ್ಕೂ ನಡೆಯಬಲ್ಲ ಕುದುರೆಯೊಡನೆ ಬಂದವರೆಲ್ಲರಿಗೂ ಬೆಳ್ಳಿಯ ಬಕ್ಕಲು ದೊರೆಯುತ್ತದೆ. 1964ರಿಂದ ಹ್ಯಾಗಿನ್ ಕಪ್ ಎಂಬ ಇನ್ನೊಂದು ಬಹುಮಾನವೂ ಇದೆ. ಮೊದಲು ಬಂದ ಹತ್ತು ಕುದುರೆಗಳಲ್ಲಿ ಅತ್ಯುತ್ತಮ ಸ್ಥಿತಿಯಲ್ಲಿರುವುದಕ್ಕೆ ಅದು ಸಲ್ಲುತ್ತದೆ. ಬಲ್ಲ ಸವಾರರಲ್ಲಿ ಅನೇಕರು ಅದನ್ನೇ ಹೆಚ್ಚಿನ ಗೌರವವೆಂದು ಎಣಿಸುತ್ತಾರೆ. 1973ರಲ್ಲಿ ಗಾರ್ಡಿ ಆನ್ಸ್‌ಲಿ ಎಂಬ ಸವಾರನ ಕುದುರೆ ಕುಂಟಿ ಸ್ಪರ್ಧೆಯಿಂದ ಹೊರಬಿತ್ತು. ಮರುವರ್ಷ ಆತ ಕುದುರೆಯಿಲ್ಲದೆ ತಾನೇ ಆ ದಾರಿಯನ್ನು ಓಡಿ 23 ಗಂಟೆ 42 ನಿಮಿಷಗಳಲ್ಲಿ ಮುಗಿಸಿದನು. ಮನುಷ್ಯರ 100 ಮೈಲಿ ಓಟದ ಸ್ಪರ್ಧೆಗಳಿಗೆ ಅದೇ ನಾಂದಿಯಾಯಿತು.

ಬಿಸಿಲು ಕುದುರೆಗೆ ಏಕೆ ಇಷ್ಟು ಅಪಾಯಕರ? ಅದರ ದೊಡ್ಡ ಸ್ನಾಯುಗಳು ಅಪಾರ ಶಾಖವನ್ನು ಹುಟ್ಟಿಸುತ್ತವೆ. ಮೈಗಾತ್ರಕ್ಕೆ ಹೋಲಿಸಿದರೆ ಆ ಶಾಖ ಹೊರಹೋಗಬೇಕಾದ ಚರ್ಮ ಕಡಿಮೆ. ಮನುಷ್ಯನಂತೆ ಕುದುರೆಯೂ ಬೆವರಿ ತಣಿಯುತ್ತದೆ. ಬಿಸಿಲಿನಲ್ಲಿ ದುಡಿಯುವಾಗ ಗಂಟೆಗೆ ಹತ್ತು ಲೀಟರಿಗೂ ಹೆಚ್ಚು ಬೆವರು ಹೋಗಬಹುದು. ಆ ಬೆವರು ನಮ್ಮದಕ್ಕಿಂತ ಹೆಚ್ಚು ಉಪ್ಪಾದುದು. ನೀರಿನೊಡನೆ ಉಪ್ಪೂ ಹೋಗುವುದರಿಂದ ಮೈ ಒಣಗಿದರೂ ಬಾಯಾರಿಕೆ ತಕ್ಕಷ್ಟು ಹುಟ್ಟುವುದಿಲ್ಲ. ಕೊಳದ ಮುಂದೆ ನಿಂತೂ ನೀರು ಕುಡಿಯದ ಕುದುರೆಯ ಗುಟ್ಟು ಇದು. ಕಾಸರಗೋಡಿನ ಸೆಕೆಗೂ ಸೊಲ್ಲಾಪುರದ ಬಿಸಿಲಿಗೂ ಇರುವ ವ್ಯತ್ಯಾಸವನ್ನು ಗಡಿನಾಡಿನ ನಮ್ಮವರಿಗೆ ವಿವರಿಸಬೇಕಾಗಿಲ್ಲ. ಗಾಳಿಯಲ್ಲಿ ತೇವ ಹೆಚ್ಚಿದರೆ ಬೆವರು ಆರದೆ ಸುಮ್ಮನೆ ಸುರಿದುಹೋಗುತ್ತದೆ, ಕುದುರೆಗೂ ಅಷ್ಟೆ.

ಈ ತಿಳಿವಳಿಕೆಯಿಂದಲೇ ಇಂದಿನ ನಿಯಮಗಳು ರೂಪುಗೊಂಡವು. ದಾರಿಯನ್ನು ಹಂತಗಳಾಗಿ ವಿಂಗಡಿಸಿ, ಪ್ರತಿ ಹಂತದ ಕೊನೆಯಲ್ಲಿ ಪಶುವೈದ್ಯರು ಕುದುರೆಯನ್ನು ಪರೀಕ್ಷಿಸುತ್ತಾರೆ. ಗೊತ್ತುಪಡಿಸಿದ ನಿಮಿಷಗಳೊಳಗೆ ನಾಡಿಬಡಿತವು ನಿಗದಿಯಾದ ಮಿತಿಗೆ, ಸಾಮಾನ್ಯವಾಗಿ 64ಕ್ಕೆ, ಇಳಿಯಬೇಕು. ಚರ್ಮವನ್ನು ಚಿವುಟಿ ಬಿಟ್ಟರೆ ಕೂಡಲೇ ಹಿಂದಿನಂತಾಗಬೇಕು. ವಸಡಿನ ಬಣ್ಣ, ಹೊಟ್ಟೆಯೊಳಗಿನ ಸದ್ದು, ಕಾಲಿನ ನಡೆ ಎಲ್ಲವನ್ನೂ ನೋಡುತ್ತಾರೆ. ಒಂದರಲ್ಲಿ ತಪ್ಪಿದರೂ, ಎಲ್ಲರಿಗಿಂತ ಮುಂದೆ ಬಂದಿದ್ದರೂ, ಅಲ್ಲಿಗೆ ಸವಾರಿ ಮುಗಿಯಿತು.

ತಣಿಸುವ ವಿಷಯದಲ್ಲಿಯೂ ಒಂದು ಹಳೆಯ ನಂಬಿಕೆ ಬಿದ್ದುಹೋಯಿತು. ಬಿಸಿಯಾದ ಕುದುರೆಯ ಮೇಲೆ ತಣ್ಣೀರು ಸುರಿದರೆ ಸ್ನಾಯುಗಳು ಸೆಟೆದುಕೊಳ್ಳುತ್ತವೆಂದು ಬಹುಕಾಲ ಹೆದರುತ್ತಿದ್ದರು. 1992ರ ಬಾರ್ಸಿಲೋನಾ ಒಲಿಂಪಿಕ್ಸಿನಲ್ಲಿ ಕುದುರೆಗಳು ಸೆಕೆಯಿಂದ ಬಳಲಿದವು. ಆಗ 1996ರ ಅಟ್ಲಾಂಟಾ ಒಲಿಂಪಿಕ್ಸಿಗೆ ಮುನ್ನ ನಡೆದ ಸಂಶೋಧನೆಗಳು, ಮೈಮೇಲೆಲ್ಲ ತಣ್ಣೀರನ್ನು ಧಾರಾಳವಾಗಿ ಸುರಿಯುವುದೇ ಸುರಕ್ಷಿತವೂ ಪರಿಣಾಮಕಾರಿಯೂ ಆದ ಉಪಾಯವೆಂದು ತೋರಿಸಿದವು.

ಹಾಗೆಂದು ಎಲ್ಲವೂ ಸರಿಹೋಯಿತೆಂದು ನಾವು ಹೇಳಲಾರೆವು. ಸಪಾಟಾದ ಮರುಭೂಮಿಯ ದಾರಿಗಳಲ್ಲಿ ವೇಗ ವಿಪರೀತವಾಗಿ ಏರಿದಾಗ ಕುದುರೆಗಳು ಕಾಲು ಮುರಿದುಕೊಂಡು ಸತ್ತವು. 2015ರಲ್ಲಿ ಅಂತರರಾಷ್ಟ್ರೀಯ ಅಶ್ವಕ್ರೀಡಾ ಒಕ್ಕೂಟವು ಅರಬ್ ಸಂಯುಕ್ತ ಸಂಸ್ಥಾನಗಳ ಸಂಘವನ್ನೇ ಕೆಲಕಾಲ ಅಮಾನತಿನಲ್ಲಿ ಇಡಬೇಕಾಯಿತು. 2018ರ ಸೆಪ್ಟೆಂಬರಿನಲ್ಲಿ ಅಮೆರಿಕದ ಟ್ರಯಾನಿನಲ್ಲಿ ನಡೆಯುತ್ತಿದ್ದ ವಿಶ್ವ ಅಶ್ವಕ್ರೀಡಾಕೂಟದ ದೂರಸವಾರಿಯನ್ನು ಬಿಸಿಲು ಮತ್ತು ತೇವ ಮಿತಿಮೀರಿದುದರಿಂದ ನಡುವೆಯೇ ರದ್ದುಗೊಳಿಸಿದರು. ಅನೇಕ ಕುದುರೆಗಳಿಗೆ ಚಿಕಿತ್ಸೆ ಬೇಕಾಯಿತು, ಒಂದು ಉಳಿಯಲಿಲ್ಲ. ವರ್ಷಗಟ್ಟಲೆ ಸಿದ್ಧರಾಗಿ ಬಂದ ಸವಾರರು ಬರಿಗೈಯಲ್ಲಿ ಮರಳಿದರು. 1892ರಲ್ಲಿ ಯಾರೂ ಅಂಥ ಸ್ಪರ್ಧೆಯನ್ನು ನಿಲ್ಲಿಸುತ್ತಿರಲಿಲ್ಲ ಎಂಬುದನ್ನು ನೆನೆದರೆ, ನಡೆದುಬಂದ ದಾರಿ ಎಷ್ಟೆಂಬುದು ತಿಳಿಯುತ್ತದೆ.

ಕುದುರೆಗೆ ತನ್ನ ದಣಿವನ್ನು ಹೇಳಿಕೊಳ್ಳುವ ಮಾತಿಲ್ಲ. ಯಜಮಾನನ ಮೇಲಿನ ವಿಶ್ವಾಸದಿಂದ ಅದು ಶಕ್ತಿ ಮೀರಿಯೂ ಓಡುತ್ತದೆ. ಬೇಸಗೆಯಲ್ಲಿ ಎತ್ತುಗಳನ್ನು ನಡುಹಗಲಿಗೆ ಮುನ್ನ ನೊಗದಿಂದ ಬಿಡಿಸುತ್ತಿದ್ದ ನಮ್ಮ ಹಿರಿಯರು ಯಾವ ನಿಯಮಪುಸ್ತಕವೂ ಇಲ್ಲದೆ ಇದನ್ನು ಅರಿತಿದ್ದರು. ದುಡಿಸಿಕೊಳ್ಳುವವನೇ ದುಡಿಯುವ ಜೀವದ ಮಿತಿಯನ್ನೂ ಕಾಯಬೇಕೆಂಬ ಆ ವಿವೇಕವನ್ನು ಕ್ರೀಡಾಲೋಕವು ಅನೇಕ ಕುದುರೆಗಳ ಜೀವವನ್ನು ತೆತ್ತು ಕಲಿಯಿತು. ಇನ್ನೂ ಕಲಿಯುತ್ತಿದೆ.