ಅಮೃತಮಹಲಿನ ಕಾವಲುಗಳು

ಕಲ್ಯಾಣದ ಶರಣರಲ್ಲಿ ತುರುಗಾಹಿ ರಾಮಣ್ಣನೆಂಬವನು ತುರುಗಳನ್ನು ಕಾಯುವುದನ್ನೇ ಕಾಯಕವಾಗಿ ಕೈಕೊಂಡಿದ್ದನು. ಅವನ ವಚನಗಳ ಅಂಕಿತವೂ ಗೋಪತಿನಾಥ ವಿಶ್ವೇಶ್ವರಲಿಂಗವೆಂದೇ ಇರುವುದು. ಹುಲ್ಲಿರುವೆಡೆಗೆ ದನಗಳನ್ನು ಅಟ್ಟಿಕೊಂಡು ಹೋಗಿ ಬೈಗಿನಲ್ಲಿ ಮನೆಗೆ ಸೇರಿಸುವ ಕೆಲಸಕ್ಕೆ ಶರಣಗಣದಲ್ಲಿ ಇಂತಹ ಸ್ಥಾನವು ದೊರೆತಿದ್ದರೂ, ಆ ತುರುಗಳು ಮೇದ ನೆಲದ ಚರಿತ್ರೆಯನ್ನು ಬರೆದವರು ವಿರಳ. ಅರಸರ ಕಾಳಗಗಳಿಗೆ ಬಖೈರುಗಳುಂಟು, ಕೆರೆ ದೇಗುಲಗಳಿಗೆ ಶಾಸನಗಳುಂಟು. ಹುಲ್ಲಿಗೆ ಮಾತ್ರ ಯಾವ ಕಲ್ಲೂ ನಿಂತಿಲ್ಲ. ಆದರೂ ಮೈಸೂರು ಸೀಮೆಯ ಹುಲ್ಲುಗಾವಲುಗಳ ವಿಷಯದಲ್ಲಿ ಒಂದು ಕ್ರಮವಾದ ವೃತ್ತಾಂತವು ದೊರೆಯುವುದು ಭಾಗ್ಯವೇ ಸರಿ.

ವಿಜಯನಗರದ ಪ್ರತಿನಿಧಿಗಳು ಶ್ರೀರಂಗಪಟ್ಟಣದಲ್ಲಿದ್ದ ಕಾಲದಲ್ಲಿಯೇ, ರಾಜಧಾನಿಯಿಂದ ತರಿಸಿದ ಉತ್ತಮ ಹಸುಗಳ ‘ಕರುಹಟ್ಟಿ’ಯೊಂದು ಅಲ್ಲಿ ಇದ್ದಿತು. ತರುವಾಯ ಮೈಸೂರಿನ ಒಡೆಯರು ಒಬ್ಬರಾದ ಮೇಲೊಬ್ಬರು ಅದನ್ನು ಬೆಳೆಯಿಸಿ, ನಾಡಿನ ಬೇರೆಬೇರೆ ಭಾಗಗಳಲ್ಲಿ ಅದರ ಮೇವಿಗಾಗಿ ಕಾವಲುಗಳನ್ನು ಮೀಸಲಿಟ್ಟರು. 1672ರಿಂದ 1704ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಇದು ‘ಬೆಣ್ಣೆ ಚಾವಡಿ’ಯೆಂಬ ಇಲಾಖೆಯಾಯಿತು. ಅರಮನೆಗೆ ಹಾಲು ಬೆಣ್ಣೆಗಳನ್ನು ಒದಗಿಸುವುದು ಅದರ ಮುಖ್ಯೋದ್ದೇಶವಾಗಿದ್ದಿತು. ಹೈದರಾಲಿಯು ಆ ಮಂದೆಗಳಲ್ಲಿ ಬೆಣ್ಣೆಗಿಂತ ಹೆಚ್ಚಿನದನ್ನು ಕಂಡನು. ಹಳ್ಳಿಕಾರ್, ಹಾಗಲವಾಡಿ, ಚಿತ್ರದುರ್ಗ ಈ ತಳಿಗಳ ಎತ್ತುಗಳು ಅವನ ಫಿರಂಗಿಗಳನ್ನು ಎಳೆದುವು. ಚಿದಂಬರದ ರಕ್ಷಣೆಗೆಂದು ಅವನ ಸೈನ್ಯವು ಎರಡೂವರೆ ದಿನಗಳಲ್ಲಿ 100 ಮೈಲಿ ನಡೆಯಿತೆಂದು ಆಂಗ್ಲರೇ ಬೆರಗಿನಿಂದ ಬರೆದಿಟ್ಟಿರುವರು. ‘ಅಮೃತಮಹಲ್’ ಎಂಬ ಹೆಸರನ್ನಿತ್ತವನು ಟಿಪ್ಪು ಸುಲ್ತಾನನು. ಮಂದೆಗಳ ಪಾಲನೆಗೆ ಹುಕುಂನಾಮೆಯನ್ನೂ ಅವನು ಹೊರಡಿಸಿದನು.

ಇಲ್ಲಿ ಮೆಚ್ಚತಕ್ಕುದು ದನಗಳ ಬಲಕ್ಕಿಂತಲೂ ನೆಲವನ್ನು ಬಳಸಿದ ಜಾಣ್ಮೆ. ಕಾವಲುಗಳನ್ನು ಬೇಸಗೆಯವು, ಮಳೆಗಾಲದವು, ಚಳಿಗಾಲದವು ಎಂದು ಮೂರು ಬಗೆಯಾಗಿ ವಿಂಗಡಿಸಿದ್ದರು. ಮಳೆ ಬಿದ್ದೊಡನೆ ಹುಲ್ಲು ಚಿಗುರಿ ಬೇಗನೆ ಒಣಗಿಹೋಗುವ ಬಯಲುಗಳು ಮಳೆಗಾಲಕ್ಕೆ. ಬೇಸಗೆಯ ಕಾವಲುಗಳಿಗೆ ಎಲ್ಲಕ್ಕಿಂತ ಹೆಚ್ಚು ಬೆಲೆ. ಅವು ಕೆರೆಯಂಗಳದಂತೆ ತೇವವುಳ್ಳವು, ಮರಗಳ ನೆರಳುಳ್ಳವು. ಉಳಿದ ಋತುಗಳಲ್ಲಿ ಅಲ್ಲಿ ಮಂದೆಯನ್ನು ಬಿಡದೆ ಹುಲ್ಲನ್ನು ಕೂಡಿಡುತ್ತಿದ್ದರು. ಹೀಗೆ ಮಂದೆಯು ವರ್ಷವಿಡೀ ಸುತ್ತುತ್ತಿದ್ದುದರಿಂದ ಒಂದೊಂದು ನೆಲಕ್ಕೂ ಬಿಡುವು ದೊರೆಯುತ್ತಿದ್ದಿತು. ಮನೆಯ ಹಟ್ಟಿಯನ್ನೇ ಕಾಣದೆ ಬಯಲಿನಲ್ಲಿ ಬೆಳೆದ ಈ ದನಗಳು ಅಪರಿಚಿತರನ್ನು ಹತ್ತಿರ ಸೇರಿಸುತ್ತಿರಲಿಲ್ಲ. ಅವುಗಳನ್ನು ಹಿಡಿದು ನೊಗಕ್ಕೆ ಪಳಗಿಸುವುದು ಸಾಹಸದ ಕೆಲಸವೇ ಆಗಿದ್ದಿತು.

1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಬಳಿಕ ಮಂದೆಗಳು ಕ್ಷೀಣಿಸಿದುವು. 1813ರಲ್ಲಿ ಕಂಪೆನಿಯ ಸೈನ್ಯದ ಹಾರ್ವೆ ಎಂಬ ಕ್ಯಾಪ್ಟನ್ ಅವುಗಳ ಆಡಳಿತವನ್ನು ವಹಿಸಿಕೊಂಡು ಸುಧಾರಿಸಿದನು. 1860ರಲ್ಲಿ ಮದರಾಸು ಸರಕಾರವು ಮಿತವ್ಯಯದ ನೆಪದಿಂದ ಇಲಾಖೆಯನ್ನೇ ಮುಚ್ಚಿ ಮಂದೆಗಳನ್ನು ಮಾರಿಬಿಟ್ಟಿತು. ಕೆಲವೇ ವರ್ಷಗಳಲ್ಲಿ ಸೈನ್ಯಕ್ಕೆ ತಕ್ಕ ಎತ್ತುಗಳು ಸಿಕ್ಕದಾಗಲು, ಅದನ್ನು ಮರಳಿ ಸ್ಥಾಪಿಸಬೇಕಾಯಿತು. ಮುಂದೆ ಅದು ಮೈಸೂರು ಸಂಸ್ಥಾನದ ಕೈಸೇರಿ, 1923ರಲ್ಲಿ ಸೈನ್ಯದಿಂದ ವ್ಯವಸಾಯ ಇಲಾಖೆಗೆ ವರ್ಗವಾಯಿತು. ಅಜ್ಜಂಪುರದ ತಳಿಕೇಂದ್ರವೂ ಬೀರೂರಿನ ಕರುಗಳ ಹರಾಜೂ ಆ ಪರಂಪರೆಯ ಉಳಿಕೆಗಳು.

ದನಗಳು ಹೀಗೆ ಉಳಿದುವು. ನೆಲದ ಕಥೆ ಬೇರೆ. ಹಿಂದೆ ಇನ್ನೂರಕ್ಕೆ ಮೇಲ್ಪಟ್ಟು ಕಾವಲುಗಳಿದ್ದು, ಅವುಗಳ ವಿಸ್ತಾರವು 4 ಲಕ್ಷ ಎಕರೆಗಳಷ್ಟಿದ್ದಿತು. 1940ರ ದಶಕದಲ್ಲಿ ‘ಹೆಚ್ಚು ಆಹಾರ ಬೆಳೆಯಿರಿ’ ಎಂಬ ಚಳವಳಿ ಬಂದಾಗ ಎಷ್ಟೋ ಕಾವಲುಗಳು ನೇಗಿಲಿಗೆ ಸಂದುವು. ಹಸಿದವರಿಗೆ ಅನ್ನ ಬೆಳೆಯುವುದನ್ನು ತಪ್ಪೆನ್ನುವಂತಿಲ್ಲ. ಆದರೆ ಉಳಿದ ನೆಲವನ್ನು ‘ಬಂಜರು’ ಎಂದು ಬರೆದ ಲೇಖನಿಯು ತಪ್ಪಿತು; ಉತ್ತು ಬಿತ್ತದ ನೆಲವೆಲ್ಲ ವ್ಯರ್ಥವೆಂಬ ಭಾವನೆಗೆ ಅದು ದಾರಿಮಾಡಿಕೊಟ್ಟಿತು.

ಇನ್ನೊಂದು ತಪ್ಪುಗ್ರಹಿಕೆಯೂ ಕಾವಲುಗಳನ್ನು ಕಾಡಿತು. ಈ ಬಯಲುಗಳೆಲ್ಲ ಹಿಂದೆ ದಟ್ಟಡವಿಗಳಾಗಿದ್ದು, ಕೊಡಲಿಗೂ ಬೆಂಕಿಗೂ ತುತ್ತಾಗಿ ಹುಲ್ಲುನೆಲವಾದುವೆಂದು ಬಹುಕಾಲ ನಂಬಲಾಗಿದ್ದಿತು. ಮಲೆನಾಡಿನ ಸೆರಗಿನಲ್ಲಿ ಕಾಡು ಕಡಿದು ಮೇವಿಗೆ ಬಿಟ್ಟ ನೆಲಗಳುಂಟು, ನಿಜ. ಆದರೆ ದಖ್ಖಣದ ಒಣಸೀಮೆಯಲ್ಲಿ ಮರಗಳು ವಿರಳವಾಗಿದ್ದು ಹುಲ್ಲೇ ಪ್ರಧಾನವಾದ ಬಯಲುಗಳು ಬಹು ಪ್ರಾಚೀನವೆಂದೂ, ಅಳಿದ ಅಡವಿಯ ಅವಶೇಷಗಳಲ್ಲವೆಂದೂ ಇತ್ತೀಚಿನ ವಿದ್ವಾಂಸರು ತೋರಿಸಿರುವರು. ಹಳೆಯ ನಂಬಿಕೆಯ ಫಲವಾಗಿ ‘ಅಡವಿಯನ್ನು ಮರಳಿಸುವ’ ಹೆಸರಿನಲ್ಲಿ ಕಾವಲುಗಳಲ್ಲಿ ನೀಲಗಿರಿ ಸಸಿಗಳನ್ನು ನೆಟ್ಟರು. ನೀಲಗಿರಿಯ ಅಡಿಯಲ್ಲಿ ಹಸು ಮೇಯಲು ಏನೂ ಬೆಳೆಯದೆಂಬುದನ್ನು ಯಾವ ದನಗಾಹಿಯಾದರೂ ಹೇಳಿಯಾನು, ಅವನನ್ನು ಕೇಳಿದವರಿಲ್ಲ. ಬಳ್ಳಾರಿ ಜಾಲಿಯಾದರೋ ಹಬ್ಬಿದೆಡೆಯಲ್ಲಿ ಹುಲ್ಲನ್ನು ನುಂಗಿಯೇಬಿಟ್ಟಿತು. ಕಡೂರು ಸೀಮೆಯ ಬಾಸೂರು ಕಾವಲನ್ನು 2011ರಲ್ಲಿ ಕೃಷ್ಣಮೃಗಗಳಿಗಾಗಿ ಸಂರಕ್ಷಿತ ಪ್ರದೇಶವಾಗಿ ಸಾರಿದುದು ಇವೆಲ್ಲದರ ನಡುವೆ ಒಂದು ಸಮಾಧಾನದ ಸಂಗತಿ.

ನಾಡಿನಲ್ಲೇ ಅತಿ ಕಡಮೆ ಮಳೆ ಬೀಳುವ ಸೀಮೆಗಳಲ್ಲೊಂದಾದ ಚಳ್ಳಕೆರೆಯಲ್ಲಿ ಪ್ರಶ್ನೆಯು ಇನ್ನೂ ತೀಕ್ಷ್ಣವಾಯಿತು. ಉಳ್ಳಾರ್ತಿ, ಕುದಾಪುರ, ವರವು ಈ ಕಾವಲುಗಳ ಸಾವಿರಾರು ಎಕರೆಗಳನ್ನು 2009ರಿಂದೀಚೆಗೆ ರಕ್ಷಣೆ, ವಿಜ್ಞಾನ ಮೊದಲಾದ ಸಂಸ್ಥೆಗಳಿಗೆ ಕೊಡಲಾಯಿತು. ದೇಶಕ್ಕೆ ಆ ಸಂಸ್ಥೆಗಳೂ ಬೇಕೆಂಬುದರಲ್ಲಿ ಸಂದೇಹವಿಲ್ಲ. ಆದರೆ ಆ ಹುಲ್ಲನ್ನು ನಂಬಿ ಕುರಿ ಸಾಕಿ ಕಂಬಳಿ ನೇಯುತ್ತಿದ್ದ ಊರಿನವರಿಗೆ, ಬಯಲಿನ ನಡುವೆ ಗೋಡೆ ಏಳುವವರೆಗೂ ವಿಷಯವು ಸರಿಯಾಗಿ ತಿಳಿದಿರಲಿಲ್ಲ. ವ್ಯಾಜ್ಯವು ಹಸುರು ನ್ಯಾಯಪೀಠದವರೆಗೆ ಹೋಯಿತು. ಅದೇ ಸೀಮೆಯ ಮ್ಯಾಸನಾಯಕರು ತಮ್ಮ ದೈವಗಳ ಹೆಸರಿನಲ್ಲಿ ‘ದೇವರ ಎತ್ತು’ಗಳ ಮಂದೆಗಳನ್ನು ತಲೆತಲಾಂತರದಿಂದ ಸಾಕುತ್ತ ಬಂದಿರುವರು. ಆ ಎತ್ತುಗಳನ್ನು ನೊಗಕ್ಕೆ ಕಟ್ಟುವುದಿಲ್ಲ, ಮಾರುವುದೂ ಇಲ್ಲ. ಬರ ಬಿದ್ದ ವರ್ಷಗಳಲ್ಲಿ ಅವುಗಳನ್ನು ಕಾಯುವ ಕಿಲಾರಿಗಳು ಮೇವಿಗಾಗಿ ಊರೂರು ಅಲೆದು, ಭಕ್ತರಿಂದ ಹುಲ್ಲಿನ ಹೊರೆಗಳನ್ನು ಬೇಡಿ ತರಬೇಕಾಗಿದೆ.