ಮೌಢ್ಯವೋ, ಮುಗ್ಧತೆಯೋ?

ಹೇಳಿದ್ದನ್ನೆಲ್ಲ ನಂಬುವ ಹುಡುಗನಿಗೆ ಸಹಪಾಠಿಗಳು ದಡ್ಡನೆಂದು ಹೆಸರಿಡುತ್ತಾರೆ. ಉಪಾಧ್ಯಾಯರಾದ ನಾವೂ ಎಷ್ಟೋ ಸಲ ಅದೇ ಹೆಸರಿನಿಂದ ಅವನನ್ನು ಕರೆದುಬಿಡುತ್ತೇವೆ. ಆ ಹೆಸರು ಎಷ್ಟು ಅನ್ಯಾಯದ್ದೆಂಬುದನ್ನು ಯಹೂದ್ಯರ ಒಂದು ಸಣ್ಣಕಥೆಯಿಂದ ನಾವು ಅರಿತೆವು.

ಐಸಾಕ್ ಬಾಷೆವಿಸ್ ಸಿಂಗರ್ ಅವರು ಪೋಲೆಂಡಿನಲ್ಲಿ ಹುಟ್ಟಿ, 1935ರಲ್ಲಿ ಅಮೆರಿಕವನ್ನು ಸೇರಿದರು. ನೆಲ ಬದಲಾದರೂ ಅವರು ನುಡಿಯನ್ನು ಬಿಡಲಿಲ್ಲ. ಪೂರ್ವ ಯೂರೋಪಿನ ಯಹೂದ್ಯರ ಮನೆಮಾತಾದ ಯಿದ್ದಿಶ್‌ನಲ್ಲಿಯೇ ಬರೆದರು. ಅವರ 'ಗಿಂಪೆಲ್ ತಾಮ್' 1945ರಲ್ಲಿ ಪ್ರಕಟವಾಯಿತು. 1953ರಲ್ಲಿ ಸಾಲ್ ಬೆಲ್ಲೊ ಅವರು ಅದನ್ನು ಇಂಗ್ಲಿಷಿಗೆ ತಂದ ಮೇಲೆ ಅದು ಲೋಕಪ್ರಸಿದ್ಧವಾಯಿತು. 1978ರಲ್ಲಿ ಸಿಂಗರ್ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು.

ಗಿಂಪೆಲನು ಫ್ರಾಂಪೋಲ್ ಎಂಬ ಊರಿನ ಅನಾಥ. ರೊಟ್ಟಿ ಸುಡುವುದು ಅವನ ಕಸುಬು. ಊರವರು ಸುಳ್ಳು ಹೇಳಿ ಅವನನ್ನು ಗೇಲಿ ಮಾಡುವರು. ಮೂರ್ಖನಾಗಿ ಬಾಳುವುದು ಕೆಡುಕನಾಗುವುದಕ್ಕಿಂತ ಮೇಲೆಂದು ಧರ್ಮಗುರುವು ಅವನನ್ನು ಸಂತೈಸುವನು. ಊರವರು ಎಲ್ಕಾ ಎಂಬವಳನ್ನು ಅವನಿಗೆ ಗಂಟುಹಾಕುವರು. ಮಕ್ಕಳಾರೂ ತನ್ನವಲ್ಲದಿದ್ದರೂ ಅವನು ಅವುಗಳನ್ನು ಪ್ರೀತಿಯಿಂದ ಸಾಕುವನು. ಸಾಯುವಾಗ ಅವಳೇ ಸತ್ಯವನ್ನು ಒಪ್ಪಿಕೊಳ್ಳುವಳು. ಆಗ ಪಿಶಾಚಿಯು ಬಂದು, ಹಿಟ್ಟನ್ನು ಹೊಲಸು ಮಾಡಿ ಊರಿಗೆಲ್ಲ ಉಣಿಸೆಂದು ಪ್ರೇರೇಪಿಸುವುದು. ಗಿಂಪೆಲನು ಹಾಗೆಯೇ ಮಾಡುವನು. ಆದರೆ ಸತ್ತ ಎಲ್ಕಾ ಕನಸಿನಲ್ಲಿ ಕಾಣಿಸಿಕೊಂಡು, ತಾನು ಸುಳ್ಳಾದ ಮಾತ್ರಕ್ಕೆ ಎಲ್ಲವೂ ಸುಳ್ಳೇ ಎಂದು ಕೇಳುವಳು. ಒಡನೆ ಆ ರೊಟ್ಟಿಗಳನ್ನೆಲ್ಲ ಹೆಪ್ಪುಗಟ್ಟಿದ ನೆಲದಲ್ಲಿ ಹೂತು, ಹಣವನ್ನು ಮಕ್ಕಳಿಗೆ ಹಂಚಿ, ಅವನು ಊರು ಬಿಡುವನು.

ಸೇಡು ತೀರಿಸಿಕೊಳ್ಳಬಲ್ಲವನಾಗಿದ್ದೂ ತೀರಿಸಿಕೊಳ್ಳದವನನ್ನು ದಡ್ಡನೆನ್ನುವುದು ಹೇಗೆ? ಅವನ ನಂಬಿಕೆಯು ಅರಿಯದವನ ನಂಬಿಕೆಯಲ್ಲ, ಅರಿತು ಆರಿಸಿಕೊಂಡದ್ದು. ಹೀಬ್ರೂ ಮೂಲದ 'ತಾಮ್' ಎಂಬ ಮಾತಿಗೆ ಸರಳ, ನಿಷ್ಕಪಟ, ಪರಿಪೂರ್ಣ ಎಂಬ ಅರ್ಥಗಳಿವೆ. ಬೈಬಲ್ಲಿನಲ್ಲಿ ಯಾಕೋಬನಿಗೂ ಈ ವಿಶೇಷಣವುಂಟು. ಇಂಗ್ಲಿಷ್ ಶಿರೋನಾಮದಲ್ಲಿ ಉಳಿದುದು 'ಮೂರ್ಖ' ಎಂಬ ಒಂದೇ ಅರ್ಥ. ನಮ್ಮ 'ಮುಗ್ಧ' ಶಬ್ದವು ಮೂಲಕ್ಕೆ ಹೆಚ್ಚು ಹತ್ತಿರವಾದುದು. ಸಂಸ್ಕೃತದಲ್ಲಿ ಅದಕ್ಕೂ ಮೂಢನೆಂಬ, ನಿಷ್ಕಪಟಿಯೆಂಬ ಎರಡು ಅರ್ಥಗಳಿವೆ.

ಕಥೆಯಲ್ಲಿ ಯುದ್ಧದ ಸುಳಿವಿಲ್ಲ. ಆದರೆ ಫ್ರಾಂಪೋಲ್ ಕಟ್ಟುಕಥೆಯ ಊರಲ್ಲ. ಅದು ಪೋಲೆಂಡಿನ ಲೂಬ್ಲಿನ್ ಸೀಮೆಯ ನಿಜವಾದ ಊರು. 1939ರ ಸೆಪ್ಟೆಂಬರಿನಲ್ಲಿ ಜರ್ಮನ್ ವಿಮಾನಗಳು ಅದರ ಬಹುಭಾಗವನ್ನು ನೆಲಸಮ ಮಾಡಿದವು. 1942ರಲ್ಲಿ ನಾತ್ಸಿಗಳು ಅಲ್ಲಿಯ ಯಹೂದ್ಯರನ್ನು ಕೊಂದರು. ಕಥೆಯು ಅಚ್ಚಾಗುವ ವೇಳೆಗೆ ಗೇಲಿ ಮಾಡಿದವರಂಥವರೂ ಇಲ್ಲ, ಗೇಲಿಗೊಳಗಾದವನಂಥವರೂ ಇಲ್ಲ. ಆ ಬೀದಿ, ಆ ಒಲೆ, ಆ ನಗೆ ಉಳಿದುದು ಯಿದ್ದಿಶ್ ಮಾತಿನಲ್ಲಿ ಮಾತ್ರ.

ಮನೆಮಾತನ್ನು ಕಾಯುವುದೆಂದರೆ ಊರನ್ನು ಕಾಯುವುದೆಂಬುದು ಗಡಿಯಾಚೆಯ ಕನ್ನಡಿಗರಾದ ನಮಗೆ ಹೊಸ ಮಾತಲ್ಲ. ಆದರೆ ಇನ್ನೊಂದು ಪಾಠವೂ ಇಲ್ಲಿದೆ. ನಾಳೆ ತರಗತಿಯಲ್ಲಿ ನಂಬುವ ಹುಡುಗನೊಬ್ಬನನ್ನು ಹೆಸರಿಟ್ಟು ಕರೆಯುವ ಮುನ್ನ ನಾವು ಒಂದು ಕ್ಷಣ ತಡೆಯೋಣ.